ಅಟ್ಟದ ಮೇಲಿನ ಉರಿಬಸಯ್ಯ

"ಅಲ್ಲ ಕಣಪ್ಪ, ಇವನ ಮನೆದೇವ್ರು ಯಾವುದು?"

ಶಿವರುದ್ರಮ್ಮ ಹೀಗೆ ಕೇಳಿದ್ದೇ ತಡ, ಮರುಳಸಿದ್ದಯ್ಯನ ಕೈಯಲ್ಲಿದ್ದ ಪೆನ್ಸಿಲು ಕಾಗದದ ಮೇಲೆ ಹಾಗೇ ನಿಂತುಬಿಟ್ಟಿತು. ಅವನು ತಲೆಯೆತ್ತಿ ತಾಯಿಯ ಮುಖ ನೋಡಿದ. ತುಟಿಯ ಒಂದು ಕೊನೆ ಸ್ವಲ್ಪ ಅಲುಗಿದಂತಾಯಿತು. ಶಿವರುದ್ರಮ್ಮ ಅದನ್ನು ಕಂಡಳು. ಕಂಡರೂ ಕಾಣದವಳಂತೆ ಮಗ್ಗುಲಲ್ಲಿದ್ದ ತೆಂಗಿನಕಾಯೊಂದನ್ನು ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಇನ್ನೂ ನೀರಿದೆಯೆಂದು ಮತ್ತೆ ರಾಶಿಯ ಮೇಲಿಟ್ಟಳು. ಮಗ ದಾವಣಗೆರೆಯಿಂದ ಬಂದ ಮೇಲೆ ಅವನ ಮುಖದಲ್ಲಿ ಏನಾದರೂ ಅಲುಗಿದ್ದು ಅದೇ ಮೊದಲು.

"ಈ ಆಟದಲ್ಲಿ ಮನೆದೇವ್ರು ಗಿನೆದೇವ್ರು ಏನೂ ಇಲ್ಲ ಕಣಮ್ಮ," ಎಂದ.

"ಮನೆದೇವ್ರಿಲ್ದೆ ಕತ್ತಿ ಹಿಡ್ಕಂಡು ಗವಿ ಒಳಕ್ಕೆ ಹೋಯ್ತಾನಾ? ಚೆನ್ನಾಗೈತೆ ಬುಡು. ವೀರಭದ್ರ ಅಂತ ಬರ್ಕೊ."

ಮರುಳಸಿದ್ದಯ್ಯ ಬರೆದುಕೊಂಡ.

ಇದು ಎಂಬತ್ತನಾಲ್ಕನೇ ಇಸವಿಯ ಮಾತು. ಹೊನ್ನವಳ್ಳಿಗೆ ಆಗಿನ್ನೂ ಟೀವಿ ಕಾಲಿಟ್ಟಿರಲಿಲ್ಲ. ಮನೆಮನೆಗೂ ಅಟ್ಟವಿತ್ತು, ಅಟ್ಟದ ತುಂಬ ಕಾಯಿ ಇತ್ತು, ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಿನಲ್ಲಿ ನಾರಿನ ದೂಳು ತೇಲುತ್ತಿತ್ತು. ಆ ವಾಸನೆಯನ್ನು ಈಗ ಯಾರಿಗೆ ಹೇಗೆ ಹೇಳುವುದು? ಒಲೆಯ ಹೊಗೆ, ಒಣನಾರು, ಹಳೆಯ ಮರ, ಎಲ್ಲೋ ಒಂದು ಕೊಳೆತ ಕಾಯಿ, ಎಲ್ಲ ಸೇರಿದ ವಾಸನೆ ಅದು. ಸುಲಿಯದ ಕಾಯಿಯನ್ನು ಅಟ್ಟಕ್ಕೆ ಏರಿಸಿ ವರ್ಷದ ಹತ್ತಿರ ಹತ್ತಿರ ಹಾಗೇ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಚಿಪ್ಪು ಬಿಟ್ಟು ಉಂಡೆಕೊಬ್ಬರಿಯಾಗುತ್ತದೆ. ಅದಕ್ಕೆ ಅವಸರ ಮಾಡುವಂತಿಲ್ಲ. ಅವಸರಪಟ್ಟು ಒಡೆದವನಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ.

ಶಿವರುದ್ರಮ್ಮನ ಗಂಡ ಹಾಲಸ್ವಾಮಿ ಹುಟ್ಟಿದಾಗಿನಿಂದ ಇದೇ ಕಸುಬು ಕಂಡವನು. ಮಗನ ವಿಷಯದಲ್ಲೂ ಅವನು ಇದೇ ಲೆಕ್ಕ ಹಾಕಿದ್ದ. "ಬುಡೇ ಅವನ್ನ. ಗಳಿಗ್ಗೊಂದ್ಸಲ ಕಾಯಿ ಅಲ್ಲಾಡಿಸ್ತಾ ಕೂತ್ರೆ ಒಣಗ್ತದಾ? ತಾನಾಗೇ ಸರಿ ಹೋಯ್ತಾನೆ," ಎಂದು ಹೆಂಡತಿಯ ಬಾಯಿ ಮುಚ್ಚಿಸಿ ಅಂಗಳಕ್ಕೆ ಹೊರಟುಬಿಡುತ್ತಿದ್ದ. ಅವನಿಗೆ ಮಗನ ಮೇಲೆ ಪ್ರೀತಿಯಿರಲಿಲ್ಲವೇ? ಇತ್ತು ಕಣ್ರೀ, ಬೇಕಾದಷ್ಟಿತ್ತು. ಆದರೆ ಅದನ್ನು ಬಾಯಲ್ಲಿ ಹೇಳುವ ಮಾತು ಅವನ ವಂಶದಲ್ಲೇ ಯಾರಿಗೂ ಬರುತ್ತಿರಲಿಲ್ಲ.

ಆಗಿದ್ದಿಷ್ಟು. ಮರುಳಸಿದ್ದಯ್ಯ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ಹಾಸ್ಟೆಲಿನಲ್ಲಿ ಅವನ ಕೋಣೆಯ ಜೊತೆಗಾರ ಶ್ರೀರಂಗಯ್ಯ, ತುರುವೇಕೆರೆ ಕಡೆಯ ಹುಡುಗ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಹತ್ತಿರ. ಶಿವರಾತ್ರಿಗೆಂದು ಮರುಳಸಿದ್ದಯ್ಯ ಊರಿಗೆ ಬಂದಿದ್ದಾಗ ಅಲ್ಲಿ ಶ್ರೀರಂಗಯ್ಯನಿಗೆ ಕಾಮಾಲೆ ತಿರುಗಿಬಿಟ್ಟಿತು. ಇವನು ವಾಪಸು ಹೋಗುವಷ್ಟರಲ್ಲಿ ಹುಡುಗ ತೀರಿಕೊಂಡು, ಜೀಪಿನಲ್ಲಿ ಊರು ಸೇರಿ, ಮಣ್ಣೂ ಆಗಿಹೋಗಿತ್ತು. ಕೋಣೆಯಲ್ಲಿ ಉಳಿದಿದ್ದು ಒಂದು ಖಾಲಿ ಮಂಚ ಮತ್ತು ಇಬ್ಬರೂ ಸೇರಿ ಆಡುತ್ತಿದ್ದ ಪರದೇಶದ ಆಟವೊಂದರ ರಟ್ಟಿನ ಪೆಟ್ಟಿಗೆ. ಇದನ್ನೆಲ್ಲ ಹೇಳಿದವನು ಮರುಳಸಿದ್ದಯ್ಯನನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟುಹೋದ ಇನ್ನೊಬ್ಬ ಹಾಸ್ಟೆಲಿನ ಹುಡುಗ. ಮಗನ ಬಾಯಿಂದ ಗೆಳೆಯನ ಹೆಸರೂ ಬರಲಿಲ್ಲ, ಕಣ್ಣಿಂದ ಒಂದು ಹನಿಯೂ ಬರಲಿಲ್ಲ. ಪೆಟ್ಟಿಗೆ ಕಂಕುಳಲ್ಲಿ ಇರುಕಿಕೊಂಡು ಏಣಿ ಹತ್ತಿ ಅಟ್ಟಕ್ಕೆ ಹೋದವನು ಅಲ್ಲೇ ಉಳಿದ. ಕೂಗಿ ಕರೆದರೆ ಇಳಿದು ಎರಡು ತುತ್ತು ತಿನ್ನುತ್ತಿದ್ದ, ಮತ್ತೆ ಹತ್ತುತ್ತಿದ್ದ. ಯುಗಾದಿ ಬಂದು ಹೋಯಿತು, ಎಣ್ಣೆ ಹಚ್ಚಿಸಿಕೊಳ್ಳಲೂ ಇಳಿಯಲಿಲ್ಲ.

ಶಿವರುದ್ರಮ್ಮನಿಗೆ ಹೆದರಿಕೆಯಾಗಿತ್ತು. ಮಗ ಕೈತಪ್ಪಿ ಹೋಗುತ್ತಿದ್ದಾನೆ ಎಂಬ ಹೆದರಿಕೆ. ಅದನ್ನು ಗಂಡನಿಗೂ ಬಿಡಿಸಿ ಹೇಳಲಿಲ್ಲ. ಹೇಳಿದರೆ ನಿಜವಾಗಿಬಿಟ್ಟರೆ? ಒಂದು ದಿನ ಮಗ ನಿದ್ದೆ ಹೋಗಿದ್ದಾಗ ಅಟ್ಟದ ಮೇಲಿದ್ದ ತೆಂಗಿನಹಗ್ಗಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಬಂದಳು. ಅವತ್ತು ದೇವರ ಮುಂದೆ ಕೂತು ಬಹಳ ಹೊತ್ತು ಅತ್ತಳು. ಮಾರನೆಯ ಮಧ್ಯಾಹ್ನ ಕಾಯಿ ಮಗುಚುವ ನೆಪ ಮಾಡಿಕೊಂಡು ಅಟ್ಟ ಹತ್ತಿದಾಗ ಮಗ ಪೆಟ್ಟಿಗೆ ಬಿಚ್ಚಿಕೊಂಡು, ಬಣ್ಣಬಣ್ಣದ ದಾಳಗಳನ್ನು ಸುಮ್ಮನೆ ಒಬ್ಬನೇ ಉರುಳಿಸುತ್ತಾ ಕೂತಿದ್ದ.

"ಇದೇನ್ಲಾ, ಬೆಳ್ಳುಳ್ಳಿ ಗೆಡ್ಡೆ ಇದ್ದಂಗೈತೆ," ಎಂದು ಇಪ್ಪತ್ತು ಮುಖದ ದಾಳವನ್ನು ಕೈಗೆತ್ತಿಕೊಂಡಳು. ಪೆಟ್ಟಿಗೆಯ ಮುಚ್ಚಳದ ಮೇಲೆ ಬೆಂಕಿ ಉಗುಳುವ ದೊಡ್ಡ ಪ್ರಾಣಿಯ ಚಿತ್ರ. "ಇದು ಘಟಸರ್ಪ ಅಲ್ವಾ? ಆದ್ರೆ ಹಾವಿಗೆ ಕಾಲ್ಯಾಕೆ ಬರ್ದವ್ರೆ? ರೆಕ್ಕೆ ಬೇರೆ! ಬರ್ದೋನು ಯಾವ ಊರೋನೋ, ಹಾವು ಕಂಡೋನಲ್ಲ ಬುಡು."

ಮಗ ಇನ್ನೊಂದು ದಾಳ ಉರುಳಿಸಿದ.

"ಹೆಂಗಾಡಾದು ಇದನ್ನ? ನಂಗೂ ಹೇಳ್ಕೊಡು. ಚೌಕಾಬಾರದಲ್ಲಿ ನನ್ನ ಸೋಲಿಸ್ದೋರು ನಮ್ಮೂರಲ್ಲಿ ಯಾರೂ ಇರ್ಲಿಲ್ಲ, ಗೊತ್ತಾ?"

ಹಾಗೆ ಶುರುವಾದದ್ದು. ಬೇಡವೆನ್ನಲು ಕೂಡ ಮಾತಾಡಬೇಕಲ್ಲ, ಅದಕ್ಕೆ ಬೇಸರಪಟ್ಟೋ ಏನೋ ಅವನು ಹೇಳಿಕೊಟ್ಟ. ಇದು ಮನೆ ದಾಟಿಸುವ ಆಟವಲ್ಲ, ಕಥೆಯ ಆಟ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ವೇಷವನ್ನು ಕಟ್ಟಿಕೊಂಡು ಆ ಕಥೆಯೊಳಗೆ ನಡೆಯುತ್ತಾರೆ. ಹೊಡೆತ ಬಿತ್ತೋ ತಪ್ಪಿತೋ ದಾಳ ಹೇಳುತ್ತದೆ. ದೂರ ನಿಂತು ಮಂತ್ರ ಹಾಕುವವನಾಗಬಹುದು, ಬಾಣ ಬಿಡುವವನಾಗಬಹುದು, ಎದುರಿಗೆ ನಿಂತು ಕೈಕೈ ಮಿಲಾಯಿಸುವ ವೀರನಾಗಬಹುದು.

"ಎದುರಿಗೆ ನಿಲ್ಲೋನೇ ಆಗ್ಲಿ," ಎಂದಳು ಶಿವರುದ್ರಮ್ಮ, ಒಂದು ಕ್ಷಣವೂ ಯೋಚಿಸದೆ. "ದೂರ ನಿಂತ್ಕಂಡು ಮಣಮಣ ಅನ್ನೋದು ನನ್ ಕೈಲಾಗಲ್ಲ. ಮತ್ತೆ, ಈ ಘಟಸರ್ಪದ ವಂಶದೋನೇ ಬೇಕು ನಂಗೆ. ಮೈ ಮ್ಯಾಲೆ ಹುರುಪೆ, ಬಾಯಲ್ಲಿ ಬೆಂಕಿ."

ಮರುಳಸಿದ್ದಯ್ಯನ ಕೈ ನಿಂತಿತು. "ಹಂಗೆಲ್ಲ ಆಟದ ಪುಸ್ತಕದಲ್ಲಿಲ್ಲ," ಎಂದ. ಆಮೇಲೆ ಕಾಯಿಯ ರಾಶಿಯ ಕಡೆ ನೋಡುತ್ತಾ, "ಅವ್ನೂ ಅದನ್ನೇ ಅಂತಿದ್ದ. ನಾವೇ ಬರ್ಕೊಳ್ಳೋಣ ಅಂತಿದ್ದ," ಎಂದ.

ಅವನು ಎಂದರೆ ಯಾರೆಂದು ಶಿವರುದ್ರಮ್ಮ ಕೇಳಲಿಲ್ಲ. "ಸರಿ, ಬರ್ಕೊಳ್ಳಾನ ಮತ್ತೆ. ಪೆನ್ಸಿಲ್ ತಗಾ," ಎಂದಷ್ಟೇ ಅಂದಳು.

ವೀರನನ್ನು ಕಟ್ಟುವುದೇ ಮೂರು ನಾಲ್ಕು ಮಧ್ಯಾಹ್ನದ ಕೆಲಸವಾಯಿತು. ಹಾಲಸ್ವಾಮಿ ಊಟ ಮಾಡಿ ಅಂಗಳದ ಚಪ್ಪರದಡಿ ಹೋಗಿ ಮಲಗಿದ್ದೇ ಇವಳು ಏಣಿ ಹತ್ತುತ್ತಿದ್ದಳು. ಮೊದಲು ಹೆಸರು. ಮಗ ಯಾವುದೋ ಇಂಗ್ಲಿಷಿನ ಹೆಸರು ಹೇಳಿದ. "ಅದನ್ನ ಕೂಗಿ ಕರೆಯೋಷ್ಟ್ರಲ್ಲಿ ಅವನ ತಲೆ ಹೋಗಿರ್ತದೆ," ಎಂದು ತಳ್ಳಿಹಾಕಿ 'ಉರಿಬಸಯ್ಯ' ಎಂದು ತಾನೇ ಹೆಸರಿಟ್ಟಳು. ಆಮೇಲೆ ಮನೆದೇವರು. ಆಮೇಲೆ ತಾಯಿ ಇದ್ದಾಳೋ ಇಲ್ಲವೋ ಎಂಬ ಪ್ರಶ್ನೆ. ಇಂಥ ವೀರರಿಗೆಲ್ಲ ಸಾಮಾನ್ಯವಾಗಿ ತಂದೆತಾಯಿ ಸತ್ತಿರುತ್ತಾರೆ ಎಂದು ಮಗ ಹೇಳಿದಾಗ ಅವಳಿಗೆ ಸಿಟ್ಟೇ ಬಂತು. "ಅದ್ಯಾಕ್ ಸಾಯ್ಬೇಕು? ಗಟ್ಟಿಮುಟ್ಟಾಗವ್ಳೆ ಅಂತ ಬರಿ. ಹೊರಡೋವಾಗ ಹುರಿಹಿಟ್ಟು, ಬೆಲ್ಲ ಕಟ್ಟಿಕೊಟ್ಟವ್ಳೆ ಅಂತ್ಲೂ ಬರಿ."

ಆರು ಮುಖದ ಮೂರು ದಾಳ ಒಟ್ಟಿಗೆ ಉರುಳಿಸಿ ಬಂದ ಅಂಕಿಗಳನ್ನು ಬಲ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ವರ್ಚಸ್ಸು ಎಂದು ಹಂಚಬೇಕಿತ್ತು. ಅವಳು ದಾಳಗಳನ್ನು ಅಂಗೈಯಲ್ಲಿ ಮುಚ್ಚಿ, ಉಫ್ ಎಂದು ಊದಿ, "ಶಿವಶಿವಾ" ಎಂದು ಬಿಟ್ಟಳು. ಒಂದು ಸಲ ಹದಿನೇಳು ಬಿತ್ತು.

"ಇದನ್ನ ಬಲಕ್ಕೆ ಹಾಕು. ಕತ್ತಿ ಹಿಡ್ಯೋರೆಲ್ಲ ಅದನ್ನೇ ಮಾಡೋದು," ಎಂದ ಮಗ.

"ಬ್ಯಾಡ. ತಾಳಿಕೆಗೆ ಹಾಕು."

"ಅಮ್ಮ, ಹೊಡೆಯೋಕೆ ಬಲ ಬೇಕು."

"ಒಂದೇಟು ಹೊಡ್ದು ಬಿದ್ದೋಗಾಕಾ? ಮುಂದೆ ನಿಲ್ಲೋನ್ಗೆ ಏಟು ಕೊಡಾಕಿಂತ ತಿನ್ನಾಕೆ ಬರ್ಬೇಕು ಕಣಪ್ಪ. ನಮ್ಮಪ್ಪ ಹೇಳ್ತಿದ್ದ."

ಅವಳ ಅಪ್ಪ ಅರಳಗುಪ್ಪೆಯಲ್ಲಿ ವೀರಗಾಸೆ ಕಟ್ಟುತ್ತಿದ್ದವನು. ಎದೆಗೆ ಹಲಗೆ, ಕೊರಳಿಗೆ ಹಿತ್ತಾಳೆಯ ನಾಗಾಭರಣ, ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ. ಅವನು ವೀರಭದ್ರನ ಒಡಪು ಕೂಗಿ ಹೇಳುತ್ತಾ ಒಂದು ಹೆಜ್ಜೆ ಮುಂದಿಟ್ಟರೆ ಎದುರಿಗಿದ್ದವರು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಹಿತ್ತಲ ಹೊಂಗೆಯ ಮರದಡಿ ಅವನು ಹುಡುಗರಿಗೆ ಹೆಜ್ಜೆ ಕಲಿಸುವಾಗ ಶಿವರುದ್ರಮ್ಮ ಗೋಡೆಯ ಮರೆಯಲ್ಲಿ ಸೌದೆಯ ಸೀಳು ಹಿಡಿದು ಅದೇ ಹೆಜ್ಜೆ ಹಾಕುತ್ತಿದ್ದಳು. ಒಂದು ದಿನ ತಾಯಿಯ ಕಣ್ಣಿಗೆ ಬಿದ್ದು ಬೆನ್ನ ಮೇಲೆ ಗುದ್ದು ತಿಂದಳು. ಅಪ್ಪ ಮಾತ್ರ ನಕ್ಕು, "ಕೈ ಬುಟ್ಟಾಕು, ಕಾಲು ನೋಡ್ಕೊ ಮಗ. ಕಾಲು ಗಟ್ಟಿ ನಿಂತ್ರೆ ಕತ್ತಿ ತಾನಾಗೇ ಮಾತಾಡ್ತದೆ," ಎಂದಿದ್ದ. ಅದಾಗಿ ಎಷ್ಟು ಕಾಲವಾಯಿತು! ಮದುವೆ, ಮಕ್ಕಳು, ಕಾಯಿ, ಕೊಬ್ಬರಿ, ಇವುಗಳ ನಡುವೆ ಆ ಹೊಂಗೆಯ ನೆರಳು ಅವಳಿಗೆ ಮರೆತೇಹೋಗಿತ್ತು. ಈಗ ಅಟ್ಟದ ಮೇಲೆ ಕೂತು ಒಬ್ಬ ಕಾಗದದ ವೀರನಿಗೆ ಮೀಸೆ ಕೊಡುವಾಗ ಅಪ್ಪನ ಮೀಸೆಯನ್ನೇ ಕೊಟ್ಟಳು.

ವರ್ಚಸ್ಸಿಗೆ ಉಳಿದದ್ದು ಬರೀ ಐದು. "ಹೋಗ್ಲಿ ಬುಡು," ಎಂದಳು. "ಮೋರೆ ಚಂದ ಕಟ್ಕಂಡು ಏನಾಗ್ಬೇಕು? ನಿಮ್ಮಪ್ಪಂಗೆ ಎಷ್ಟೈತೆ ಅಂದ್ಕಂಡಿದ್ದೀಯ?"

ಮರುಳಸಿದ್ದಯ್ಯನಿಗೆ ನಗು ಬಂದೇಬಿಟ್ಟಿತು. ಕೂಡಲೇ ತಪ್ಪು ಮಾಡಿದವನಂತೆ ಮುಖ ಗಂಟಿಕ್ಕಿಕೊಂಡ. ಆದರೂ ನಕ್ಕದ್ದು ನಕ್ಕದ್ದೇ. ಅವತ್ತು ಕೆಳಗಿಳಿದು ಬಂದ ಶಿವರುದ್ರಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಆಯುಧಕ್ಕೆ ಉದ್ದನೆಯ ಕತ್ತಿ ಬೇಡವೆಂದು ಮಚ್ಚು ಆರಿಸಿದಳು. ಗವಿಯೊಳಗೆ ಕತ್ತಿ ಬೀಸಲು ಜಾಗವೆಲ್ಲಿರುತ್ತದೆ ಎಂದು ಅವಳ ವಾದ. ಘಟಸರ್ಪದ ಹುರುಪೆಯಿರುವಾಗ ಕಬ್ಬಿಣದ ಅಂಗಿ ದಂಡವೆಂದು ಅದನ್ನೂ ಬಿಡಿಸಿದಳು. ದಿನಕ್ಕೊಂದು ಸಲ ಬಾಯಿಂದ ಬೆಂಕಿ ಉಗುಳಬಹುದೆಂದು ಇಬ್ಬರೂ ಚೌಕಾಸಿ ಮಾಡಿ ಒಪ್ಪಿಕೊಂಡರು. ಅವಳು ಮೂರು ಸಲ ಕೇಳಿದ್ದಳು.

"ಇನ್ನು ಸಾಮಾನು. ಪಂಜು, ನೀರಿನ ಬುರುಡೆ, ಹಗ್ಗ..." ಎಂದು ಮಗ ಬರೆಯತೊಡಗಿದ.

"ಹಗ್ಗ ಬ್ಯಾಡ."

"ಎಲ್ರೂ ತಗೊಂಡು ಹೋಗ್ತಾರೆ ಕಣಮ್ಮ. ಇಳಿಯೋಕೆ, ಹತ್ತೋಕೆ..."

"ಬ್ಯಾಡ ಅಂದ್ನಲ್ಲ!" ಶಿವರುದ್ರಮ್ಮನ ದನಿ ಅವಳಿಗೇ ಗೊತ್ತಿಲ್ಲದಂತೆ ಚೀರಿತು.

ಮರುಳಸಿದ್ದಯ್ಯ ತಾಯಿಯನ್ನು ನೋಡಿದ. ಆಮೇಲೆ ಹಗ್ಗಗಳು ತೂಗುತ್ತಿದ್ದ ಗೋಡೆಯ ಖಾಲಿ ಗೂಟಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಹಗ್ಗ ಎಂದು ಬರೆದದ್ದರ ಮೇಲೆ ಗೀಟು ಎಳೆದ.

ಆಟ ನಡೆಯಿತು. ಉರಿಬಸಯ್ಯನಿಗೆ ಇದ್ದ ಜೀವದಷ್ಟು ಹುಣಸೆಬೀಜವನ್ನು ಒಂದು ಕಾಯಿಚಿಪ್ಪಿನಲ್ಲಿ ಹಾಕಿಟ್ಟರು. ಏಟು ಬಿದ್ದರೆ ಬೀಜ ತೆಗೆಯಬೇಕು, ಗಾಯ ಮಾಯ್ದರೆ ಹಾಕಬೇಕು, ಚಿಪ್ಪು ಬರಿದಾದರೆ ಮುಗಿಯಿತು. ಕಥೆ ನಡೆಸುವವನು ಮರುಳಸಿದ್ದಯ್ಯ. ಹಾಸ್ಟೆಲಿನಲ್ಲೂ ನಡೆಸುತ್ತಿದ್ದವನು ಅವನೇ ಅಂತೆ. ಕಥೆ ಹೇಳಬೇಕಾದರೆ ಬಾಯಿ ಬಿಡಲೇಬೇಕು. ಮೊದಮೊದಲು ಒಂದೊಂದು ಸಾಲು ಗೊಣಗುತ್ತಿದ್ದವನು ಬರಬರುತ್ತಾ ಕೈ ಆಡಿಸಿ ಹೇಳತೊಡಗಿದ. ಕತ್ತಲೆಯ ಸುರಂಗ, ತೊಟ್ಟಿಕ್ಕುವ ನೀರು, ಹೊಸಿಲಾಚೆ ಯಾರದೋ ಉಸಿರು. ಶಿವರುದ್ರಮ್ಮ ಕಾಯಿಯ ರಾಶಿಗೆ ಒರಗಿ, ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಬಾಗಿಲು ಕಂಡಾಗಲೆಲ್ಲ ಉರಿಬಸಯ್ಯ ಮೊದಲು ಹೊರಗೆ ನಿಂತು, "ಯಾರಾದ್ರೂ ಇದ್ದೀರೇನ್ರಪ್ಪಾ?" ಎಂದು ಕೇಳುತ್ತಿದ್ದ. ರಾಕ್ಷಸರ ಮನೆಗೆ ಯಾರೂ ಹಾಗೆ ಹೋಗುವುದಿಲ್ಲವೆಂದು ಮಗ ಎಷ್ಟು ಹೇಳಿದರೂ ಕೇಳಲಿಲ್ಲ. ಮಚ್ಚು ಹಿಡಿದವನಾದರೂ ಕೇಳದೆ ಇನ್ನೊಬ್ಬರ ಹೊಸಿಲು ದಾಟಬಾರದು ಎಂಬುದು ಅವಳ ನಿಯಮ.

ಮಗ ಎರಡು ತುತ್ತು ಜಾಸ್ತಿ ತಿನ್ನತೊಡಗಿದ. ಹಾಲಸ್ವಾಮಿ, "ನಾನ್ ಹೇಳ್ಲಿಲ್ವಾ, ತಾನಾಗೇ ಸರಿ ಹೋಯ್ತಾನೆ ಅಂತ?" ಎಂದು ಮೀಸೆ ತಿರುವಿದ. ಶಿವರುದ್ರಮ್ಮ ಅವನ ತಟ್ಟೆಗೆ ಸಾರು ಬಡಿಸಿದಳು. ಆಟದ ಹೊರಗೆ ಮಗ ಇನ್ನೂ ಬಾಯಿ ಬಿಟ್ಟಿರಲಿಲ್ಲವೆಂಬುದು ಅವಳಿಗೊಬ್ಬಳಿಗೆ ಗೊತ್ತಿತ್ತು. ರಾಕ್ಷಸನ ಹೆಸರು ಹೇಳುತ್ತಿದ್ದ, ಗೆಳೆಯನ ಹೆಸರು ಹೇಳುತ್ತಿರಲಿಲ್ಲ.

ಆ ಮಧ್ಯಾಹ್ನ ಕಥೆ ಒಂದು ಕಲ್ಲಿನ ಬಾಗಿಲಿಗೆ ಬಂದು ನಿಂತಿತ್ತು. ಬಾಗಿಲೊಳಗೆ ಬಂಡೆಯಂಥ ಮೈಯ ರಾಕ್ಷಸ. ಉರಿಬಸಯ್ಯನ ಹಿಂದೆ, ಸುರಂಗದಲ್ಲಿ, ಅವನು ಬಿಡಿಸಿಕೊಂಡು ಬಂದ ಹಳ್ಳಿಯ ಜನ, ಕೂಸುಕುನ್ನಿಗಳು. ಬೆಂಕಿ ಆಗಲೇ ಉಗುಳಿಯಾಗಿತ್ತು. ಮಚ್ಚಿನ ಏಟಿಗೆ ಬಂಡೆಯ ಚಕ್ಕೆ ಏಳುತ್ತಿತ್ತು, ರಾಕ್ಷಸ ಬೀಳುತ್ತಿರಲಿಲ್ಲ. ಚಿಪ್ಪಿನಲ್ಲಿ ಬೀಜ ತೀರ ಕಮ್ಮಿಯಾಗಿತ್ತು.

"ಹಿಂದಕ್ಕೆ ಓಡ್ಬೋದು ಕಣಮ್ಮ," ಎಂದ ಮಗ. "ಓಡಿದ್ರೆ ಅವನು ಬದುಕ್ತಾನೆ."

"ಹಿಂದೆ ಕೂಸುಗಳು ಅವೆ."

"ಇದು ಆಟ. ಓಡು."

"ಎಲ್ಲಿಗ್ಲಾ ಓಡಾದು? ಬಾಗ್ಲಲ್ಲಿ ನಿಂತವ್ನೆ. ಕಾಲು ಊರಿ ನಿಂತವ್ನೆ ಅಂತ ಬರ್ಕೊ. ಹಾಕು ದಾಳ."

ಮರುಳಸಿದ್ದಯ್ಯ ದಾಳ ಹಾಕಿದ. ರಾಕ್ಷಸನ ಏಟು ಬಿತ್ತು. ಎಷ್ಟು ಬಿತ್ತೆಂದು ತಿಳಿಯಲು ಎಂಟು ಮುಖದ ಇನ್ನೊಂದು ದಾಳ ಹಾಕಿದ. ಅದು ಹಲಗೆಯ ಮೇಲೆ ತಿರುಗಿ ನಿಂತದ್ದೇ ತಡ, ಅಂಗೈಯಿಂದ ಮುಚ್ಚಿಬಿಟ್ಟ.

"ತಪ್ಪೋಯ್ತು. ಏಟು ತಗುಲ್ಲಿಲ್ಲ," ಎಂದ. ಮುಖ ಬಿಳಿಚಿಕೊಂಡಿತ್ತು.

ಶಿವರುದ್ರಮ್ಮ ಅಂಕಿಯನ್ನು ನೋಡಿಬಿಟ್ಟಿದ್ದಳು. ಅವಳ ಮನಸ್ಸು ಹಿಂದುಮುಂದು ನೋಡಿತು. ಸುಮ್ಮನಿದ್ದುಬಿಟ್ಟರೆ ಆಟ ನಾಳೆಯೂ ನಡೆಯುತ್ತದೆ. ಮಗ ನಾಳೆಯೂ ಕಥೆ ಹೇಳುತ್ತಾನೆ, ಎರಡು ತುತ್ತು ತಿನ್ನುತ್ತಾನೆ. ಕಟ್ಟಿದ ವೀರ ಉಳಿಯುತ್ತಾನೆ. ಇಷ್ಟು ದಿನ ಬೇಡಿಕೊಂಡಿದ್ದೂ ಅದೇ ಅಲ್ಲವೇ? ಆದರೆ ಆ ಕೈ! ದಾಳದ ಮೇಲೆ ಅದುಮಿಕೊಂಡಿದ್ದ ಆ ಕೈಯ ಮೇಲೆ ಅವಳ ಕಣ್ಣು ಬಿತ್ತು. ದಾವಣಗೆರೆಯಿಂದ ಬಂದ ದಿನದಿಂದ ಅವನು ಇದೇ ಕೈಯನ್ನು ಹೀಗೇ ಅದುಮಿ ಹಿಡಿದುಕೊಂಡು ಕೂತಿದ್ದಾನೆ ಎಂದು ಅವಳಿಗೆ ಆಗ ಹೊಳೆಯಿತು.

ಅವಳು ಮಗನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ದಾಳ ತೋರಿಸಿದಷ್ಟು ಬೀಜ ಚಿಪ್ಪಿನಲ್ಲಿ ಇರಲಿಲ್ಲ. ಇದ್ದವನ್ನೆಲ್ಲ ಸೆರಗಿಗೆ ಸುರಿದುಕೊಂಡು ಚಿಪ್ಪನ್ನು ಬೋರಲು ಹಾಕಿದಳು.

"ಉರಿಬಸಯ್ಯ ಸತ್ತ ಕಣಪ್ಪ," ಎಂದಳು.

"ಇಲ್ಲ."

"ಸತ್ತ."

"ಇಲ್ಲ ಅಂದ್ರೆ ಇಲ್ಲ ಕಣಮ್ಮ! ಕಥೆ ನಡೆಸೋನು ನಾನು! ನಾನು ಹೇಳಿದ್ದೇ ಇಲ್ಲಿ! ಸತ್ತಿಲ್ಲ ಅವ್ನು!" ಮರುಳಸಿದ್ದಯ್ಯ ಕಿರುಚಿದ. ಹೆಂಚಿನ ಕೆಳಗೆ ಕೂತಿದ್ದ ಪಾರಿವಾಳಗಳು ಪಟಪಟನೆ ಎದ್ದುಹೋದವು.

"ಮುಂದೆ ನಿಂತಿದ್ದ, ಸತ್ತ. ಚೆನ್ನಾಗೇ ಸತ್ತ. ಈಗ ಅಳ್ಬೇಕು. ನಮ್ಮೋರು ಅಂತ ಕಟ್ಕಂಡ ಮ್ಯಾಲೆ ಅಳ್ದೆ ಕಳ್ಸಾಕಾಯ್ತದಾ?"

ಹೀಗೆಂದವಳೇ ಶಿವರುದ್ರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಹಣೆ ಬಡಿದುಕೊಂಡು, ದನಿಯೆತ್ತಿ ಹಾಡಿಕೊಂಡು ಅಳತೊಡಗಿದಳು. ಸತ್ತವರ ಮುಂದೆ ಕೂತ ಹೆಂಗಸರು ಅವರ ಗುಣಗಳನ್ನು ಒಂದೊಂದಾಗಿ ಎತ್ತಿ ಹೇಳುತ್ತಾ ಅಳುತ್ತಾರಲ್ಲ, ಹಾಗೆ.

"ಅಯ್ಯೋ ನನ್ನಪ್ಪಾ... ಮುಂದೆ ಮುಂದೆ ಹೋದ್ಯಲ್ಲೋ ನನ್ನಯ್ಯಾ... ತಾಳಿಕೆ ಕೊಟ್ಟಿದ್ನಲ್ಲೋ, ಆಯಸ್ಸು ಕೊಡಾಕಾಗ್ಲಿಲ್ವಲ್ಲೋ... ಹುರಿಹಿಟ್ಟು ಕಟ್ಟಿಕೊಟ್ಟೋಳು ಹಾದಿ ನೋಡ್ತಾ ಕೂತವ್ಳಲ್ಲೋ... ಯಾರ್ ಮುಂದೆ ಹೇಳ್ಲೋ ಕಂದಾ..."

ಮೊದಲ ಎರಡು ಸಾಲು ಮಗನಿಗಾಗಿ ಅತ್ತದ್ದು. ಮೂರನೆಯ ಸಾಲಿಗೆ ಅವಳ ಅಪ್ಪ ಬಂದ, ಅವನ ಗೆಜ್ಜೆಕಾಲು ಬಂತು. ಅದರ ಹಿಂದೆಯೇ ತುರುವೇಕೆರೆ ಕಡೆಯ ಯಾವುದೋ ಹಳ್ಳಿಯಲ್ಲಿ ಕೂತಿರುವ, ತಾನು ಕಂಡಿಲ್ಲದ ಒಬ್ಬ ತಾಯಿ ಬಂದಳು. ಆಮೇಲೆ ಅಳು ಅವಳ ಕೈಯಲ್ಲಿ ಉಳಿಯಲಿಲ್ಲ. ಅದು ಅಟ್ಟ ತುಂಬಿ, ಹೆಂಚು ದಾಟಿ, ಬೀದಿಗೆ ಬಿತ್ತು.

ಚಪ್ಪರದಡಿ ಮಲಗಿದ್ದ ಹಾಲಸ್ವಾಮಿಗೆ ಆ ದನಿ ಕೇಳಿಸ್ತು ನೋಡಿ. ಅದೂ ಅಟ್ಟದಿಂದ. ಅವನು ಹೇಗೆ ಎದ್ದನೋ, ಹೇಗೆ ನಡುಮನೆ ದಾಟಿದನೋ ಅವನಿಗೇ ಗೊತ್ತಿಲ್ಲ. ಪಂಚೆ ಹೊಸಿಲಲ್ಲಿ ಸಿಕ್ಕಿ ಮುಗ್ಗರಿಸಿ ಬಿದ್ದ, ಮೊಣಕಾಲು ತರಚಿತು, ಎದ್ದ. "ಶಿವನೇ, ಶಿವನೇ, ಬ್ಯಾಡ ಕಣಪ್ಪಾ, ಬ್ಯಾಡ ಕಣಪ್ಪಾ," ಎಂದು ಬಡಬಡಿಸುತ್ತಾ ಏಣಿಯ ಮೆಟ್ಟಿಲು ಬಿಟ್ಟುಬಿಟ್ಟು ಹತ್ತಿದ. ತಾನಾಗೇ ಸರಿ ಹೋಯ್ತಾನೆ ಎಂದಿದ್ದ ಮನುಷ್ಯನ ಎದೆಯಲ್ಲೂ ಹೆಂಡತಿಯ ಹೆದರಿಕೆಯೇ ಅಷ್ಟೂ ದಿನ ಕೂತಿತ್ತೆಂಬುದು ಆಗ ಗೊತ್ತಾಯಿತು. ತಲೆ ಅಟ್ಟದ ಮೇಲೆ ಬಂದಾಗ ಅವನಿಗೆ ಮೊದಲು ಕಂಡದ್ದು ಮಗನ ಕಾಲು. ಕಾಲು ನೆಲದ ಮೇಲಿತ್ತು. ಮಗ ಉಸಿರಾಡುತ್ತಿದ್ದ. ತಾಯಿಯ ತೊಡೆಯ ಮೇಲೆ ಮುಖವಿಟ್ಟುಕೊಂಡು, ಬೆನ್ನು ಕುಲುಕಾಡುವಂತೆ ಬಿಕ್ಕುತ್ತಿದ್ದ.

ಹಾಲಸ್ವಾಮಿ ಕಾಯಿಯ ರಾಶಿಯ ಮೇಲೆಯೇ ಕುಸಿದು ಕೂತ. ನಾಲ್ಕೈದು ಕಾಯಿ ಉರುಳಿ ಏಣಿಯ ಸಂದಿಯಿಂದ ಕೆಳಗೆ ದಬದಬ ಬಿದ್ದವು.

"ಯಾರು? ಯಾರು ಹೋದ್ರು?" ಎಂದ.

ಮರುಳಸಿದ್ದಯ್ಯ ತಲೆಯೆತ್ತಿದ.

"ಶ್ರೀರಂಗ, ಅಪ್ಪಾ," ಎಂದ. "ನಮ್ ಶ್ರೀರಂಗ ಸತ್ತೋದ. ನಾನು ನೋಡ್ಲೇ ಇಲ್ಲ. ಹಬ್ಬಕ್ಕೆ ಬಂದು ಕೂತಿದ್ದೆ ನಾನು. ನಾನು ಹೊರಡೋವಾಗ ಬಸ್ ಸ್ಟ್ಯಾಂಡ್‌ಗೆ ಬಂದಿದ್ದ. ಕೊಬ್ಬರಿಮಿಠಾಯಿ ತಾರೋ ಅಂದಿದ್ದ. ತಗೊಂಡು ಹೋಗಿದ್ದೆ ಅಪ್ಪಾ, ಡಬ್ಬಿ ತುಂಬ ತಗೊಂಡು ಹೋಗಿದ್ದೆ..."

ಅಷ್ಟರಲ್ಲಿ ಕೆಳಗೆ ಜನ ಸೇರಿದ್ದರು. ಪಕ್ಕದ ಮನೆಯ ರಾಮಕ್ಕ ಮೊರ ಹಿಡಿದುಕೊಂಡೇ ಓಡಿಬಂದಿದ್ದಳು. ಹಿಂದಿನ ಬೀದಿಯ ಬೋರಮ್ಮ ಅರ್ಧ ಹೆಣೆದ ಜಡೆಯಲ್ಲೇ ಬಂದಿದ್ದಳು. ಇಬ್ಬರೂ ಏಣಿ ಹತ್ತಿ ಇಣುಕಿದರು.

"ಯಾರವ್ವಾ ಹೋದ್ದು?"

"ನನ್ ಮಗನ ಗೆಣೆಕಾರ ಕಣವ್ವ," ಎಂದಳು ಶಿವರುದ್ರಮ್ಮ. "ಶ್ರೀರಂಗಯ್ಯ ಅಂತ. ತುರುವೇಕೆರೆ ತಾವ."

"ಯಾವಾಗ?"

"ಶಿವರಾತ್ರೀಲಿ."

ಅವರಿಬ್ಬರೂ ಮುಖಮುಖ ನೋಡಿಕೊಂಡರು. ಶಿವರಾತ್ರಿ ಕಳೆದು ಎಷ್ಟು ದಿನವಾಯಿತು! ಆದರೆ ಅಳುವ ಮನೆಗೆ ಬಂದವರು ಅಳದೆ ಹಿಂದಿರುಗುವ ಪದ್ಧತಿ ಆ ಊರಿನಲ್ಲಿ ಇರಲಿಲ್ಲ. ರಾಮಕ್ಕ ಮೊರವನ್ನು ಪಕ್ಕಕ್ಕಿಟ್ಟು, ಕಾಯಿಗಳನ್ನು ಸರಿಸಿ, ಮರುಳಸಿದ್ದಯ್ಯನ ಬೆನ್ನ ಹಿಂದೆ ಕೂತಳು.

"ಹೆಂಗಿದ್ನಪ್ಪಾ ಆ ಹುಡುಗ?" ಎಂದು ಕೇಳಿದಳು. ಗೊತ್ತಿಲ್ಲದೆ ಅಳುವುದು ಹೇಗೆ?

"ಕಪ್ಪಗಿದ್ದ," ಎಂದ ಮರುಳಸಿದ್ದಯ್ಯ ಬಿಕ್ಕುತ್ತಾ. "ಎಡಗೈಲಿ ಬರೀತಿದ್ದ. ಎಲ್ಲಾದಕ್ಕೂ ನಾನೇ ಮುಂದೆ ಅಂತಿದ್ದ."

"ಅಯ್ಯೋ ಎಡಗೈ ರಂಗಯ್ಯಾ... ಎಲ್ಲಾದಕ್ಕೂ ಮುಂದೆ ಅಂದು ಇದಕ್ಕೂ ಮುಂದಾದ್ಯಲ್ಲೋ..." ಎಂದು ರಾಮಕ್ಕ ರಾಗ ತೆಗೆದಳು. ಬೋರಮ್ಮ ಸೇರಿಕೊಂಡಳು. ಯಾರೂ ಒಂದು ಸಲವೂ ಕಂಡಿರದ ಹುಡುಗನಿಗಾಗಿ ಹೊನ್ನವಳ್ಳಿಯ ಆ ಅಟ್ಟದ ಮೇಲೆ ಮೂವರು ಹೆಂಗಸರು ಹೊಟ್ಟೆ ತುಂಬ ಅತ್ತರು. ಮರುಳಸಿದ್ದಯ್ಯ ನಡುನಡುವೆ ಅವನ ವಿಷಯ ಒಂದೊಂದೇ ಹೇಳುತ್ತಾ ಹೋದ. ಅವರು ಹೇಳಿದ್ದನ್ನೆಲ್ಲ ಅಳುವಿಗೆ ಸೇರಿಸಿಕೊಂಡರು. ದಾಳಗಳು ಅಲ್ಲೇ ಎಲ್ಲರ ಸೀರೆಯಂಚಿನಲ್ಲಿ ಬಿದ್ದಿದ್ದವು. ಅವೇನೆಂದು ಯಾರೂ ಕೇಳಲಿಲ್ಲ.

ಬಿಸಿಲು ಇಳಿದ ಮೇಲೆ ಬೋರಮ್ಮ ಕಣ್ಣೊರೆಸಿಕೊಂಡು ಎದ್ದಳು. "ಆ ಹುಡುಗನ್ನ ಬಾವಿ ತಾವ ಕರ್ಕಂಡೋಗಿ ತಲೆಗೆ ನೀರು ಹಾಕಿ. ಸೂತಕ ಕಳೀಲಿ. ಒಲೆ ಹಚ್ಬ್ಯಾಡ ಶಿವರುದ್ರಕ್ಕ, ನಾನು ಮುದ್ದೆ ಮಾಡಿ ತತ್ತೀನಿ."

"ಲಿಂಗ ಕಟ್ಟಿದ ನಮ್ಗೆ ಸೂತಕ ಇಲ್ಲ ಕಣಮ್ಮ," ಎಂದ ಹಾಲಸ್ವಾಮಿ. ಜನ ಸೇರಿದ ಮೇಲೆ ಅವನು ಆಡಿದ ಮೊದಲ ಮಾತು ಅದು.

"ಇಲ್ದಿದ್ರೆ ಇಲ್ಲ. ನೀರು ಹಾಕಾಕೇನು?"

ಹಾಲಸ್ವಾಮಿ ಎದ್ದ. ತಾನೇ ಮೊದಲು ಏಣಿ ಇಳಿದು, ಕೆಳಗೆ ನಿಂತು ಎರಡೂ ಕೈಯಿಂದ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಮಗ ಇಳಿದುಬಂದ. ಹಿತ್ತಲ ಬಾವಿಯ ಕಲ್ಲಿನ ಮೇಲೆ ಅವನನ್ನು ಕೂರಿಸಿ, ಅಂಗಿ ಬಿಚ್ಚಿಸಿ, ನೀರು ಸೇದಿ ತಲೆಯ ಮೇಲೆ ಸುರಿದ. ಮಗ ಮೀಸೆ ಬಂದವನಾದ ಮೇಲೆ ಹಾಲಸ್ವಾಮಿ ಅವನ ಮೈ ಮುಟ್ಟಿರಲಿಲ್ಲ. ಎಷ್ಟು ಬಡಕಲಾಗಿದ್ದಾನೆಂದು ಈಗ ಕಂಡ. ಬೆನ್ನೆಲುಬು ಎಣಿಸುವಂತಿತ್ತು.

"ಅವನೂರಿಗೆ ಹೋಗ್ಬೇಕು ಅಪ್ಪಾ," ಎಂದ ಮರುಳಸಿದ್ದಯ್ಯ, ನೀರಿನೊಳಗಿಂದ. "ಅವ್ರಮ್ಮನ್ನ ನೋಡ್ಬೇಕು."

"ನಾಳೆ ಮೊದಲ್ನೇ ಬಸ್ಸಿಗೇ ಹೋಗಾನ. ನಾನೂ ಬತ್ತೀನಿ."

ಹಿತ್ತಲ ಬಾಗಿಲಲ್ಲಿ ಶಿವರುದ್ರಮ್ಮ ಒಣಬಟ್ಟೆ ಹಿಡಿದು ನಿಂತಿದ್ದಳು. ಮಗನ ಭುಜ ಇನ್ನೂ ಕುಲುಕುತ್ತಲೇ ಇತ್ತು. ಹಾಲಸ್ವಾಮಿ ಸಾಕಾ ಎಂದು ಕೇಳಲಿಲ್ಲ. ಎಡಗೈಯನ್ನು ಮಗನ ನೆತ್ತಿಯ ಮೇಲಿಟ್ಟುಕೊಂಡು, ಬಲಗೈಯಿಂದ ಕೊಡ ಬಗ್ಗಿಸಿ, ನಿಧಾನವಾಗಿ ನೀರು ಹೊಯ್ಯುತ್ತಲೇ ಇದ್ದ.